ದೇವರ ಕೋಣೆಯ ಹೊಸ್ತಿಲ ಈಚೆ



ಮನೆಯಲ್ಲಿ ಪೂಜೆ ಮುಗಿದಿದೆ. ಅವ್ವ ಮಂಗಳಾರತಿ ತಟ್ಟೆ ಹಿಡಿದು ದೇವರ ಕೋಣೆಯಿಂದ ಈಚೆ ಬರುತ್ತಾಳೆ. ಮೊದಲು ಅಜ್ಜಿಗೆ, ಆಮೇಲೆ ಅಪ್ಪನಿಗೆ, ಅಣ್ಣನಿಗೆ, ಬಂದ ನೆಂಟರಿಗೆ. ಎಲ್ಲರೂ ಎರಡೂ ಕೈಯನ್ನು ಉರಿಯ ಮೇಲೆ ಆಡಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ತಟ್ಟೆ ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ನಿಮಗೆ ಹದಿನೆಂಟು ವರ್ಷ. ಆ ಉರಿಯಲ್ಲಿ ಕರ್ಪೂರದ ಹೊರತು ಇನ್ನೇನೂ ಇಲ್ಲ ಎಂದು ಮನವರಿಕೆಯಾಗಿ ಆರು ತಿಂಗಳಾಗಿದೆ. ನೆಂಟರು ನೋಡುತ್ತಿದ್ದಾರೆ. ಅವ್ವನೂ ನೋಡುತ್ತಿದ್ದಾಳೆ. ಈಗ ಕೈ ಏನು ಮಾಡಬೇಕು?

ಈ ಉಪನ್ಯಾಸ ಆ ಕೈಯನ್ನು ಕುರಿತದ್ದು. ದೇವರಿದ್ದಾನೆಯೇ ಎಂಬ ಚರ್ಚೆಗೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಅದಕ್ಕೆ ನಮ್ಮ ಭಾಷೆಯಲ್ಲೇ ಒಳ್ಳೆಯ ಪುಸ್ತಕಗಳಿವೆ. ಮೂರು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ನಮ್ಮ ಪ್ರಯೋಗಾಲಯದಲ್ಲಿ ಉಳಿದವರೆಲ್ಲ ಹೋಗುವವರೆಗೂ ಕಾದಿದ್ದು, "ಮೇಡಂ, ನನಗೆ ನಂಬಿಕೆ ಹೋಗಿದೆ. ಅದರಿಂದ ನನಗೇನೂ ಕಷ್ಟ ಇಲ್ಲ. ಅಮ್ಮನಿಗೆ ಹೇಗೆ ಹೇಳೋದು ಅನ್ನೋದೇ ಕಷ್ಟ" ಎಂದಳು. ಅವತ್ತು ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಆಗಿನಿಂದ ಯೋಚಿಸಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಈ ಉಪನ್ಯಾಸದ ದತ್ತಿಯನ್ನು ಇಟ್ಟಿರುವ ಹಿರಿಯ ದಂಪತಿ ದಿನವೂ ಪೂಜೆ ಮಾಡುವವರು. ವಿಷಯ ತಿಳಿಸಿದಾಗ ಅವರು ಹಿಂಜರಿಯಲಿಲ್ಲ. ಆ ದೊಡ್ಡ ಮನಸ್ಸಿಗೆ ಮೊದಲೇ ನಮಸ್ಕಾರ ಹೇಳಿಬಿಡುತ್ತೇನೆ.

ಇಂಥ ಮಕ್ಕಳು ಎಷ್ಟು ಮಂದಿ? 2021ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ಸುಮಾರು 30 ಸಾವಿರ ಭಾರತೀಯರನ್ನು ಮಾತನಾಡಿಸಿ ಒಂದು ವರದಿ ಪ್ರಕಟಿಸಿತು. ಅದರಲ್ಲಿ ನೂರಕ್ಕೆ 97 ಮಂದಿ ದೇವರನ್ನು ನಂಬುತ್ತೇವೆ ಎಂದಿದ್ದಾರೆ. 2011ರ ಜನಗಣತಿಯಲ್ಲಿ 121 ಕೋಟಿ ಜನರ ಪೈಕಿ ಧರ್ಮವನ್ನೇ ಹೇಳದೆ ಬಿಟ್ಟವರು 28 ಲಕ್ಷದ ಮೇಲೆ. ನಾಸ್ತಿಕರೆಂದೇ ಬರೆಸಿದವರು 33 ಸಾವಿರ ಚಿಲ್ಲರೆ. ಈ ಎರಡನೆಯ ಅಂಕಿಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಗಣತಿಗೆ ಹೋದ ಶಿಕ್ಷಕ ಮಿತ್ರರನ್ನು ಕೇಳಿ: ಬಾಗಿಲು ತೆರೆಯುವವರು ಯಾರು, ಉತ್ತರ ಕೊಡುವವರು ಯಾರು? ಮನೆಯ ಯಜಮಾನರು. ಮೊದಲು ತಮ್ಮ ಧರ್ಮ ಹೇಳುತ್ತಾರೆ, ಉಳಿದ ಎಲ್ಲರಿಗೂ ಅದೇ ಬರೆದುಕೊಳ್ಳಿ ಎನ್ನುತ್ತಾರೆ. ಕೋಣೆಯೊಳಗೆ ಓದುತ್ತ ಕೂತ ಮಗಳನ್ನು ಯಾರೂ ಕರೆದು ಕೇಳುವುದಿಲ್ಲ. ನಮ್ಮ ದೇಶದಲ್ಲಿ ಎಳೆಯ ನಾಸ್ತಿಕರ ಲೆಕ್ಕ ಅಪ್ಪಂದಿರ ಬಾಯಲ್ಲಿದೆ.

ಇದೆಲ್ಲ ಪರದೇಶದಿಂದ ಬಂದ ಗಾಳಿ ಎಂದು ಹಿರಿಯರು ಹೇಳುವುದುಂಟು. ಅದು ಸರಿಯಲ್ಲ. ಆಸ್ತಿಕ, ನಾಸ್ತಿಕ ಎಂಬ ಪದಗಳನ್ನು ಸಾಧಿಸಲು ಪಾಣಿನಿಯ ವ್ಯಾಕರಣದಲ್ಲೇ ಸೂತ್ರವಿದೆ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜಾಬಾಲಿ ಎಂಬ ಬ್ರಾಹ್ಮಣ ರಾಮನ ಎದುರು ನಿಂತು, ಸತ್ತವರಿಗೆಂದು ಇಡುವ ಶ್ರಾದ್ಧದ ಅನ್ನ ದಂಡ ಎಂದು ವಾದಿಸುತ್ತಾನೆ. ರಾಮ ಸಿಟ್ಟಾಗುತ್ತಾನೆ, ಆದರೆ ಕಾವ್ಯ ಆ ಮಾತನ್ನು ಅಳಿಸುವುದಿಲ್ಲ. ವೇದವನ್ನೇ ಪ್ರಮಾಣವೆಂದು ಹಿಡಿದ ಮೀಮಾಂಸಕರು ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪಲಿಲ್ಲ. ಶ್ರವಣಬೆಳಗೊಳದ ಬೆಟ್ಟ ಹತ್ತುವ ಜೈನರ ದರ್ಶನದಲ್ಲಿಯೂ ಜಗತ್ತನ್ನು ಮಾಡಿದ ದೇವರಿಲ್ಲ. ಇನ್ನು ಚಾರ್ವಾಕರ ಮಾತು ನಮಗೆ ಉಳಿದಿರುವುದು ಬಹುಪಾಲು ಅವರ ಎದುರಾಳಿಗಳ ಪುಸ್ತಕಗಳಲ್ಲಿ. ಹದಿನಾಲ್ಕನೆಯ ಶತಮಾನದ ವಿಜಯನಗರದಲ್ಲಿ, ಅಂದರೆ ನಮ್ಮದೇ ನೆಲದಲ್ಲಿ, ವೇದಾಂತಿಯಾದ ಮಾಧವಾಚಾರ್ಯರು 'ಸರ್ವದರ್ಶನಸಂಗ್ರಹ' ಬರೆದಾಗ ಮೊದಲ ಅಧ್ಯಾಯವನ್ನು ಚಾರ್ವಾಕರಿಗೇ ಕೊಟ್ಟರು. ಖಂಡಿಸುವುದಕ್ಕೇ ಕೊಟ್ಟದ್ದು, ನಿಜ. ಖಂಡಿಸುವ ಮೊದಲು ಎದುರಾಳಿಯ ಮಾತನ್ನು ಅವನ ಬಲದಲ್ಲೇ ಹೇಳಿಬಿಡುವ ಆ ಪದ್ಧತಿ ಇವತ್ತು ನಮ್ಮ ಎಷ್ಟು ಮನೆಗಳ ಊಟದ ಮನೆಯಲ್ಲಿ ಉಳಿದಿದೆ?

ಆದರೆ ಈ ವಂಶಾವಳಿ ಹದಿನೆಂಟರ ಹುಡುಗಿಗೆ ಹೆಚ್ಚು ಆಸರೆ ಕೊಡುವುದಿಲ್ಲ. ಜಾಬಾಲಿ ದಶರಥನ ಸಭೆಯ ಹಿರಿಯ, ಯಾರ ಮನೆಯ ಅನ್ನದ ಹಂಗಿನಲ್ಲೂ ಇದ್ದ ಮಗುವಲ್ಲ. ದರ್ಶನಕಾರರು ವಾದ ಮುಗಿಸಿ ತಮ್ಮ ತಮ್ಮ ಮನೆಗೆ ಹೋಗಬಹುದಿತ್ತು. ನಮ್ಮ ಹುಡುಗಿ ವಾದ ಮುಗಿಸಿದ ಮೇಲೂ ಅದೇ ಮನೆಯಲ್ಲಿ ಮಲಗಬೇಕು.

ಆದ್ದರಿಂದ ಎಳೆಯ ವಯಸ್ಸಿನವರ ಕಡೆಗೇ ನೋಡೋಣ. ಭಗತ್ ಸಿಂಗ್ ಲಾಹೋರಿನ ಸೆರೆಮನೆಯಲ್ಲಿ 1930ರ ಅಕ್ಟೋಬರಿನಲ್ಲಿ 'ನಾನೇಕೆ ನಾಸ್ತಿಕ' ಎಂಬ ಪ್ರಬಂಧ ಬರೆದಾಗ ಇಪ್ಪತ್ತಮೂರು ವರ್ಷದವನು. ಅಜ್ಜ ಆರ್ಯಸಮಾಜದವರು. ಹುಡುಗನಾಗಿದ್ದಾಗ ಲಾಹೋರಿನ ಡಿಎವಿ ಶಾಲೆಯ ವಸತಿಯಲ್ಲಿ ಬೆಳಗ್ಗೆ ಸಂಜೆಯ ಪ್ರಾರ್ಥನೆಯಲ್ಲದೆ ಗಂಟೆಗಟ್ಟಲೆ ಗಾಯತ್ರಿ ಜಪ ಮಾಡುತ್ತಿದ್ದೆ ಎಂದು ತಾನೇ ಬರೆದಿದ್ದಾನೆ. ಅವನನ್ನು 1931ರ ಮಾರ್ಚ್ 23ರಂದು ಗಲ್ಲಿಗೇರಿಸಿದರು. ಪ್ರಬಂಧ ಅಚ್ಚಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅದನ್ನು ಅವನು ಬರೆಯಲು ಕಾರಣವಾದ ಆರೋಪವನ್ನು ಗಮನಿಸಿ. ದೇವರಿಲ್ಲವೆನ್ನುವುದು ನಿನ್ನ ಅಹಂಕಾರ, ಹೆಸರು ಬಂದು ತಲೆ ತಿರುಗಿದೆ ಎಂದು ಬೇಕಾದವರೇ ಹೇಳಿದ್ದರು. ನಮ್ಮ ಹಳ್ಳಿ ಮನೆಗಳಲ್ಲಿ ಇದಕ್ಕೆ 'ಓದಿದ ಸೊಕ್ಕು' ಎನ್ನುತ್ತಾರೆ. ನಾಳೆ ಗಲ್ಲಿಗೆ ಹೋಗುವವನು ಪ್ರಾರ್ಥನೆಯ ಸಮಾಧಾನವನ್ನೂ ಬೇಡವೆನ್ನುವಾಗ ಅದರಲ್ಲಿ ಸೊಕ್ಕು ಎಲ್ಲಿದೆ ಎಂದು ತಿಳಿಯಲು ಆ ಕೆಲವು ಪುಟಗಳನ್ನು ನೀವು ಓದಬೇಕು.

ಇನ್ನೊಬ್ಬರು ಆಂಧ್ರದ ಗೋರಾ, ಗೋಪರಾಜು ರಾಮಚಂದ್ರ ರಾವ್, 1902ರಲ್ಲಿ ಹುಟ್ಟಿದವರು. ಜನಿವಾರ ಹಾಕಲು ಒಪ್ಪದೆ ತಂದೆಯ ಮನೆ ಬಿಡಬೇಕಾಯಿತು. ನಾಸ್ತಿಕನೆಂದು ಕಾಲೇಜಿನ ಕೆಲಸವೂ ಹೋಯಿತು. ಮುಂದೆ 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದರು. ಅದು 1947ರಲ್ಲಿ ವಿಜಯವಾಡಕ್ಕೆ ಬಂತು. ಗೋರಾ ಹೆಸರು ಹಲವರು ಕೇಳಿರುತ್ತೀರಿ. ನನಗೆ ಅವರಿಗಿಂತ ಹೆಚ್ಚಾಗಿ ಕಾಡುವವರು ಅವರ ಹೆಂಡತಿ ಸರಸ್ವತಿ. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಬಂದ ಆ ಹೆಣ್ಣುಮಗಳು ಬಸುರಿಯಾಗಿದ್ದಾಗ, ಮೂಢನಂಬಿಕೆ ಸುಳ್ಳೆಂದು ತೋರಿಸಲು, ಗ್ರಹಣದ ಹೊತ್ತಿನಲ್ಲಿ ಹೊರಗೆ ಓಡಾಡಿದರು. ಗಂಡಸು ಜನಿವಾರ ತೆಗೆದಿಡಬಹುದು, ಅದು ನೂಲು. ಹೆಂಗಸು ತನ್ನ ವಿಚಾರವನ್ನು ಸಾಬೀತು ಮಾಡಬೇಕಾದರೆ ಒಡಲನ್ನೇ ಒಡ್ಡಬೇಕಾಯಿತು. ಆ ಮಗುವಿಗೆ ಏನಾದರೂ ಆಗಿದ್ದರೆ, ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೂ, ಊರು ಜೀವಮಾನವಿಡೀ ಯಾರನ್ನು ಬೆರಳು ಮಾಡಿ ತೋರಿಸುತ್ತಿತ್ತು? ನಮ್ಮ ಕರ್ನಾಟಕ ಸರ್ಕಾರ ಸರಸ್ವತಿ ಗೋರಾ ಅವರಿಗೆ ಬಸವ ಪುರಸ್ಕಾರ ಕೊಟ್ಟಿತು ಎಂಬುದನ್ನು ಸಂತೋಷದಿಂದ ನೆನೆಯುತ್ತೇನೆ.

ಗ್ರಹಣದ ನೆನಪು ನನಗೂ ಒಂದಿದೆ. 1995ರ ಅಕ್ಟೋಬರ್ 24ರ ಬೆಳಗ್ಗೆ ಸೂರ್ಯಗ್ರಹಣ. ಉತ್ತರ ಭಾರತದಲ್ಲಿ ಪೂರ್ಣ, ನಮ್ಮಲ್ಲಿ ಪಾರ್ಶ್ವ. ದೀಪಾವಳಿಯ ರಜೆಗೆ ಊರಿಗೆ ಬಂದಿದ್ದೆ. ಬಿ.ಎಸ್ಸಿ. ಮೊದಲ ವರ್ಷ. ಕೇರಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಕಾಲೇಜಿನಿಂದ ತಂದ ಶೋಧಕ ಹಾಳೆಯನ್ನು ಕಣ್ಣಿಗೆ ಹಿಡಿದು ಅಂಗಳದಲ್ಲಿ ನಾನೊಬ್ಬಳೇ ನಿಂತು, ಕಚ್ಚಿದ ಹಪ್ಪಳದಂತಿದ್ದ ಸೂರ್ಯನನ್ನು ನೋಡಿದೆ. ಒಳಗೆ ಅತ್ತಿಗೆ ಇದ್ದಳು, ಆರು ತಿಂಗಳ ಬಸುರಿ. ಕಿಟಕಿಗೆ ಕಂಬಳಿ ಕಟ್ಟಿ ಅವಳನ್ನು ಕತ್ತಲಲ್ಲಿ ಮಲಗಿಸಿದ್ದರು. ಅವಳ ಕೈ ಹಿಡಿದು ಹೊರಗೆ ಕರೆತಂದು ತೋರಿಸಬೇಕೆಂದು ನನಗೆ ಬಹಳ ಆಸೆಯಾಯಿತು. ಬಾಗಿಲವರೆಗೂ ಹೋದೆ. ಅಲ್ಲಿ ನಿಂತುಬಿಟ್ಟೆ. ನನ್ನ ವಿಚಾರಕ್ಕೆ ನಾನು ನನ್ನ ಮೈಯನ್ನು ಒಡ್ಡಬಹುದು; ಅವಳದನ್ನು ಒಡ್ಡಲು ನನಗೆ ಯಾವ ಹಕ್ಕೂ ಇರಲಿಲ್ಲ. ಮಧ್ಯಾಹ್ನ ಅವಳಿಗೆ ನಾನು ನೋಡಿದ್ದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಚಂದ್ರ ಎಲ್ಲಿದ್ದ, ನೆರಳು ಹೇಗೆ ಬಿತ್ತು ಎಂದು ಅವಳು ನಾಲ್ಕು ಪ್ರಶ್ನೆ ಕೇಳಿದಳು. ನನ್ನ ಜೀವನದ ಮೊದಲ ಪಾಠ ಅದೇ ಇರಬೇಕು.

ನನ್ನ ಮನೆಯ ವಿಷಯ ಬಂತು, ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಂಡ್ಯ ಜಿಲ್ಲೆಯ ಒಂದು ಹಳ್ಳಿ, ಒಕ್ಕಲಿಗರ ಮನೆ, ಕಬ್ಬು ಬತ್ತದ ಬೇಸಾಯ. ನಮ್ಮ ಅಜ್ಜಿಗೆ ನಂಜನಗೂಡಿನ ನಂಜುಂಡೇಶ್ವರ ಎಂದರೆ ಮನೆಯ ಹಿರಿಯನಿದ್ದ ಹಾಗೆ. ಸಿಟ್ಟು ಬಂದರೆ ಅವನನ್ನು ಬಯ್ಯುತ್ತಿದ್ದಳು ಕೂಡ. ನನಗೆ ಒಂಬತ್ತು ವರ್ಷವಿದ್ದಾಗ ವಿಷಮಶೀತ ಜ್ವರ ಬಂದು ಮೂರು ವಾರ ಮಂಚ ಬಿಟ್ಟು ಏಳಲಿಲ್ಲ. ಆಗ ಅಜ್ಜಿ ಹರಕೆ ಕಟ್ಟಿಕೊಂಡಳು: ಮಗು ಎದ್ದರೆ ಮಗುವಿನ ಮುಡಿ ಕೊಡಿಸುತ್ತೇನೆ ಎಂದು. ನಾನು ಎದ್ದೆ. ಆದರೆ ಹೆಣ್ಣುಮಗು, ಮೊಳದುದ್ದ ಜಡೆ, ಶಾಲೆಗೆ ಹೋಗಬೇಕು, ಆಮೇಲೆ ನೋಡೋಣ ಎಂದು ಅವ್ವ ಮುಂದಕ್ಕೆ ಹಾಕಿದಳು. ಹರಕೆ ಸಾಲದಂತೆ ಉಳಿಯಿತು.

ಈ ನಡುವೆ ಪಿಯುಸಿಯಲ್ಲಿದ್ದಾಗ ಕಾಲೇಜಿನ ಗ್ರಂಥಾಲಯದಲ್ಲಿ ಎ. ಎನ್. ಮೂರ್ತಿರಾಯರ 'ದೇವರು' ಸಿಕ್ಕಿತ್ತು. 1991ರಲ್ಲಿ ಪ್ರಕಟವಾದ ಪುಸ್ತಕ. ಬರೆದವರು 1900ರಲ್ಲಿ ಹುಟ್ಟಿದವರು. ತೊಂಬತ್ತು ದಾಟಿದ ಅಕ್ಕಿಹೆಬ್ಬಾಳಿನ ಹಿರಿಯರೊಬ್ಬರು, ಸಾವಿನ ಹತ್ತಿರವಿದ್ದೂ, ಯಾರ ಮೇಲೂ ಸಿಟ್ಟಿಲ್ಲದೆ, ದನಿ ಏರಿಸದೆ ತಮಗೆ ದೇವರಲ್ಲಿ ನಂಬಿಕೆ ಇಲ್ಲವೆಂದು ವಿವರಿಸುವುದನ್ನು ಓದಿ ನನಗೆ ಆದ ಬಿಡುಗಡೆ ಇಂದಿಗೂ ಮೈಯಲ್ಲಿದೆ. ಅಲ್ಲಿಯವರೆಗೆ ನಾಸ್ತಿಕನೆಂದರೆ ಸಿನಿಮಾದಲ್ಲಿ ಕೊನೆಗೆ ದೇವಸ್ಥಾನದಲ್ಲಿ ಬಿದ್ದು ಅಳುವವನು ಎಂದುಕೊಂಡಿದ್ದೆ.

1995ರ ಬೇಸಿಗೆಯಲ್ಲಿ, ಗ್ರಹಣಕ್ಕೆ ಕೆಲವು ತಿಂಗಳ ಮೊದಲು, ಅಜ್ಜಿ ಕಾಯಿಲೆ ಬಿದ್ದಳು. ಹರಕೆ ಇಟ್ಟುಕೊಂಡು ಸಾಯಲಾರೆ ಎಂದಳು. ನನ್ನನ್ನು ಕರೆದು ಕೇಳಿದರು. ನಾನು ಹೇಳಿಬಿಟ್ಟೆ: ನನಗೆ ನಂಬಿಕೆ ಇಲ್ಲ, ನನ್ನನ್ನು ಉಳಿಸಿದ್ದು ಮಾತ್ರೆ. ಅವ್ವ ಅತ್ತಳು. ಅಣ್ಣ ಕೈ ಎತ್ತಿದ. ಅಪ್ಪ ನಕ್ಕರು, ವಯಸ್ಸು, ಸರಿಹೋಗುತ್ತದೆ ಎಂದರು. ಅಜ್ಜಿ ಮಾತ್ರ ನನ್ನ ವಾದವನ್ನು ವಾದವಾಗಿ ತೆಗೆದುಕೊಂಡಳು. "ಮಾತ್ರೆ ಕೊಟ್ಟೋನು ಡಾಕುಟ್ರು ಕಣವ್ವ, ಇಲ್ಲ ಅಂದೋರ್ಯಾರು? ಇಪ್ಪತ್ತು ದಿನ ನಿದ್ದೆಗೆಟ್ಟೋಳು ನಾನು. ಆ ನಿದ್ದೆಗೆಟ್ಟಿದ್ ನಾ ಯಾರಿಗ್ ಯೋಳ್ಕಳ್ಳಿ? ಅದ್ಕೇ ಅವುನ್ಗೆ ಯೋಳ್ಕಂಡೆ."

ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇವತ್ತೂ ಇಲ್ಲ. ಹರಕೆ ಎಂದರೆ ದೇವರೊಡನೆ ಮಾಡುವ ವ್ಯಾಪಾರ ಎಂದು ಓದಿಕೊಂಡಿದ್ದೆ. ನಡುರಾತ್ರಿ ಉರಿಯುವ ಮಗುವಿನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ಕೂತವಳಿಗೆ, ಆ ಭಯವನ್ನು ಇಳಿಸಿ ಇಡಲು ಒಂದು ಜಾಗ ಬೇಕಿತ್ತು. ಅವಳಿಗೆ ಗೊತ್ತಿದ್ದ ಜಾಗ ನಂಜನಗೂಡು. ನಮ್ಮ ಮನೆಗಳಲ್ಲಿ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಅದು ದೃಷ್ಟಿ ತೆಗೆಯುವ ಉಪ್ಪು ಮೆಣಸಿನಕಾಯಲ್ಲಿ, ಪರೀಕ್ಷೆಗೆ ಹೊರಟಾಗ ಹಣೆಗಿಡುವ ಕುಂಕುಮದಲ್ಲಿ, ತೋಳಿಗೆ ಕಟ್ಟುವ ಅಂತ್ರದಲ್ಲಿ ಬರುತ್ತದೆ. ಎಳೆಯ ನಾಸ್ತಿಕ ಕೈ ಹಿಂತೆಗೆದಾಗ ಅವನು ಬೇಡವೆಂದದ್ದು ಕುಂಕುಮವನ್ನು; ಅವ್ವನಿಗೆ ಕೇಳಿಸುವುದು ನೀನು ಬೇಡ ಎಂದು. ಮಕ್ಕಳೇ, ನೀವು ಹೇಳುವುದಿದ್ದರೆ ಈ ಎರಡನ್ನೂ ಬಿಡಿಸಿ ಹೇಳಿ. ಬಿಡಿಸಿ ಹೇಳಲು ಭಾಷೆ ಸಿಗುವವರೆಗೆ ಕಾದರೂ ತಪ್ಪಿಲ್ಲ.

ಕೊನೆಗೆ ದಾರಿ ಕಂಡುಹಿಡಿದವಳು ಅಜ್ಜಿಯೇ. "ಹರಕೆ ಕಟ್ಕಂಡೋಳು ನಾನು, ನಂದೇ ಕೊಟ್ರಾಯ್ತು" ಎಂದಳು. ಸ್ವಲ್ಪ ಚೇತರಿಸಿಕೊಂಡ ಮೇಲೆ ಮೈಸೂರಿನ ಬಸ್ಸು ಹಿಡಿದು ನಂಜನಗೂಡಿಗೆ ಹೋದೆವು, ಅವಳ ಗಂಟು ನನ್ನ ಕೈಯಲ್ಲಿ. ಎಪ್ಪತ್ತರ ಮುದುಕಿ, ತೆಳ್ಳಗೆ ಬೆಳ್ಳಗೆ ಒಂದು ಹಿಡಿ ಕೂದಲು. ಅದನ್ನು ಕೊಟ್ಟಳು. ಕಪಿಲೆಯ ಮೆಟ್ಟಿಲ ಮೇಲೆ ಕಾಲು ಜಾರದಂತೆ ನಾನು ಅವಳ ರಟ್ಟೆ ಹಿಡಿದುಕೊಂಡೆ, ನೀರು ಮೊಗೆದು ಬೋಳುತಲೆಗೆ ಹೊಯ್ದೆ. ಗುಡಿಯೊಳಗೂ ಜೊತೆಯಲ್ಲಿ ಹೋದೆ. ನಾನು ಕೈ ಮುಗಿಯಲಿಲ್ಲ, ಅವಳು ಮುಗಿ ಎನ್ನಲಿಲ್ಲ. ಬರುವಾಗ ಬಸ್ಸಿನಲ್ಲಿ ನನ್ನ ಜಡೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು ನಿದ್ದೆ ಮಾಡಿದಳು.

ಕಾರಂತರ 'ಮೂಕಜ್ಜಿಯ ಕನಸುಗಳು' ನಾನು ಓದಿದ್ದು ಇದಾದ ಮೇಲೆ. 1968ರ ಆ ಕಾದಂಬರಿಯಲ್ಲಿ ಓದಿದ ಮೊಮ್ಮಗ ಸುಬ್ಬರಾಯನಿಗಿಂತ, ಬಾಲವಿಧವೆಯಾದ ಅಜ್ಜಿಯೇ ದೇವರ ವಿಷಯದಲ್ಲಿ ಹೆಚ್ಚು ಬಿಡುಬೀಸಾಗಿ ಯೋಚಿಸುತ್ತಾಳೆ. ನನಗೆ ಅದು ಅತಿಶಯವೆನಿಸಲಿಲ್ಲ. ಮನೆಯ ಹಿರಿಯರಲ್ಲಿ ಯಾರಾದರೂ ಒಬ್ಬರು, ಬಹಳ ಸಲ ಹಣ್ಣಾದ ಹೆಂಗಸು, ನಿಮ್ಮನ್ನು ಕೇಳಿಸಿಕೊಳ್ಳುತ್ತಾರೆ. ಅವರನ್ನು ಹುಡುಕಿ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಪ್ರೀತಿಗಾಗಿ ಎಲ್ಲವನ್ನೂ ಒಪ್ಪಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯ ಹಿಂದೆ ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಒಂದು ಹಳೆಯ ಅಲ್ಯೂಮಿನಿಯಂ ಲೋಟ ಕವುಚಿಟ್ಟಿರುತ್ತಿತ್ತು. ಹೊಲೆಗೇರಿಯಿಂದ ಗದ್ದೆ ಕೆಲಸಕ್ಕೆ ಬರುತ್ತಿದ್ದ ಆಳು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವನು, ಆ ಲೋಟವನ್ನು ತಾನೇ ತೆಗೆದು, ತಾನೇ ತೊಳೆದು, ದೂರದಿಂದ ಹೊಯ್ದ ಕಾಫಿ ಕುಡಿದು, ತಾನೇ ಕವುಚಿಡುತ್ತಿದ್ದ. ನಂಜನಗೂಡಿನಿಂದ ಬಂದ ಮೇಲೆ ಒಂದು ದಿನ ನಾನು ಅಡುಗೆಮನೆಯ ಸ್ಟೀಲ್ ಲೋಟದಲ್ಲಿ ಅವನಿಗೆ ಕಾಫಿ ಕೊಟ್ಟೆ. ದೇವರಿಲ್ಲ ಎಂದಾಗ ನಕ್ಕಿದ್ದ ಅಪ್ಪ, ಲೋಟ ಬದಲಾದಾಗ ನನ್ನ ಹತ್ತಿರ ಎರಡು ತಿಂಗಳು ಮಾತು ಬಿಟ್ಟರು.

ಆ ಎರಡು ತಿಂಗಳಲ್ಲಿ ನನಗೆ ತಿಳಿದದ್ದನ್ನು ಯಾವ ದರ್ಶನಗ್ರಂಥವೂ ಕಲಿಸಿರಲಿಲ್ಲ. ನಮ್ಮ ಮನೆಗಳಲ್ಲಿ ದೇವರನ್ನು ಅಲ್ಲಗಳೆದರೆ ಸಹಿಸಿಕೊಂಡಾರು. ಯಾರು ಒಳಗೆ, ಯಾರು ಹೊರಗೆ, ಯಾರು ಮೊದಲು ಉಣ್ಣಬೇಕು, ಯಾರು ಮೂರು ದಿನ ಮೂಲೆಯಲ್ಲಿ ಕೂರಬೇಕು ಎಂಬ ಏರ್ಪಾಟನ್ನು ಮುಟ್ಟಿದರೆ ಸಹಿಸುವುದಿಲ್ಲ. ಬಾಯಲ್ಲಿ ದೇವರಿಲ್ಲ ಎನ್ನುತ್ತ ಆ ಏರ್ಪಾಟಿನ ಅನುಕೂಲವನ್ನೆಲ್ಲ ಉಣ್ಣುವ ಹುಡುಗರನ್ನು ನಾನು ಎಷ್ಟೋ ಕಂಡಿದ್ದೇನೆ. ಮನೆಯವರು ಜಾತಿಯಲ್ಲೇ ಹೆಣ್ಣು ನೋಡುತ್ತಾರೆ, ಇವರು ಒಪ್ಪುತ್ತಾರೆ, ಅವ್ವನ ಮನಸ್ಸು ನೋಯಬಾರದು ಎನ್ನುತ್ತಾರೆ. ಅಂಥವರಿಗಿಂತ ಪೂಜೆ ಮಾಡುತ್ತಲೇ ಲೋಟವನ್ನು ಒಂದು ಮಾಡುವ ಆಸ್ತಿಕರು ನನಗೆ ಹತ್ತಿರದವರು. ನಾನು ಗೆರೆ ಎಳೆದುಕೊಂಡದ್ದು ಇಲ್ಲಿ. ಮಂಗಳಾರತಿ ತಟ್ಟೆಯನ್ನು ಅವ್ವನ ಕೈಯಿಂದ ತೆಗೆದುಕೊಂಡು ಮುಂದಿನವರಿಗೆ ದಾಟಿಸುತ್ತೇನೆ, ಅದರಿಂದ ಯಾರಿಗೂ ನೋವಿಲ್ಲ. ಇನ್ನೊಬ್ಬರು ಕುಗ್ಗಬೇಕಾದ ಆಚಾರವಾದರೆ ಅವ್ವ ಅತ್ತರೂ ನಡೆಸುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಅನಂತಮೂರ್ತಿಯವರ 'ಭಾರತೀಪುರ' ತೋರಿಸುತ್ತದೆ. ಇಂಗ್ಲೆಂಡಿನಿಂದ ಬಂದ ಜಗನ್ನಾಥ ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಹೊಲೆಯರ ಹುಡುಗರಿಗೆ ಮುಟ್ಟಿ ಎನ್ನುತ್ತಾನೆ. ಅವರು ಹೆದರಿ ನಡುಗುತ್ತಾರೆ. ಅವನು ಒತ್ತಾಯಿಸುತ್ತಾನೆ, ತನ್ನೊಳಗಿನ ಕ್ರೌರ್ಯ ಅವನಿಗೇ ಕಾಣುವವರೆಗೆ. ತನ್ನ ಬಿಡುಗಡೆಗೆ ಬೇರೆಯವರ ಕೈಯನ್ನು ಬಳಸಿಕೊಂಡ ತಪ್ಪು ಅದು. ನನ್ನ ಕಾಫಿ ಲೋಟದಲ್ಲೂ ಆ ತಪ್ಪಿನ ಪಾಲಿತ್ತು. ಆ ಆಳು ಸ್ಟೀಲ್ ಲೋಟವನ್ನು ಮೊದಲ ದಿನ ಹಿಡಿದಾಗ ಅವನ ಕಣ್ಣು ಅಪ್ಪನನ್ನು ಹುಡುಕುತ್ತಿತ್ತು. ಅವನ ಕೂಲಿ ಹೋಗಿದ್ದರೆ ಬೆಲೆ ತೆರುತ್ತಿದ್ದವನು ಅವನು. ಮೊದಲು ಅವನನ್ನು ಕೇಳಬೇಕಿತ್ತು.

ಹೆಣ್ಣುಮಕ್ಕಳಿಗೆ ಒಂದು ಮಾತು. ಅಣ್ಣ ತಮ್ಮಂದಿರು ದೇವಸ್ಥಾನಕ್ಕೆ ಬರುವುದಿಲ್ಲ ಎಂದರೆ ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ, ಹೆಚ್ಚೆಂದರೆ ಹುಡುಗುಬುದ್ಧಿ. ನೀವು ಹೇಳಿದರೆ ಅದು ನಡತೆಯ ಪ್ರಶ್ನೆಯಾಗುತ್ತದೆ, ಗಂಡಿನ ಕಡೆಯವರು ಏನೆನ್ನುತ್ತಾರೆ ಎಂಬ ಪ್ರಶ್ನೆಯಾಗುತ್ತದೆ. ಮುಸ್ಲಿಂ ಮನೆಯ, ಕ್ರೈಸ್ತ ಮನೆಯ ಮಕ್ಕಳಿಗೆ ಇನ್ನೂ ಒಂದು ಕಷ್ಟ ಉಂಟು. ಹಿಂದೂ ಮನೆಗಳಲ್ಲಿ ನಾಸ್ತಿಕನೂ ನಮ್ಮವನೇ ಎಂದು ಹೇಳಿ ಒಳಗಿಟ್ಟುಕೊಳ್ಳುವ ಹಳೆಯ ದಾರಿಯೊಂದಿದೆ. ಮುಸ್ಲಿಂ, ಕ್ರೈಸ್ತ ಮನೆಯ ಮಕ್ಕಳಿಗೆ ಮನೆಯಿಂದ ಹೊರಗಾಗುವ ಭಯ ಒಂದು ಕಡೆ. ತಮ್ಮ ಮಾತನ್ನು ಹಿಡಿದು ತಮ್ಮದೇ ಅಪ್ಪ ಅಮ್ಮನನ್ನು ಹಳಿಯಲು ಹೊರಗೆ ಕಾದು ಕೂತವರ ಭಯ ಇನ್ನೊಂದು ಕಡೆ. ಅವರ ನಾಸ್ತಿಕತೆಯನ್ನು ಮೆಚ್ಚಿ ಚಪ್ಪಾಳೆ ತಟ್ಟುವವರಲ್ಲಿ ಎಷ್ಟು ಮಂದಿ ತಮ್ಮ ಮನೆಯ ಮಗಳ ನಾಸ್ತಿಕತೆಯನ್ನು ಮೆಚ್ಚುತ್ತಾರೆ ಎಂದು ನೋಡಬೇಕು.

ಅಪಾಯ ಇಲ್ಲವೆಂದು ನಾನು ಸುಳ್ಳು ಹೇಳಲಾರೆ. ಮೂಢನಂಬಿಕೆಯ ವಿರುದ್ಧ ಜೀವ ತೇಯ್ದ ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಂದರು. ನಮ್ಮ ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಕೊಂದರು. ಅವರು ನಾಸ್ತಿಕರಲ್ಲ, ಪ್ರಶ್ನೆ ಕೇಳಿದ ಸಂಶೋಧಕರು. 2017ರ ಮಾರ್ಚಿನಲ್ಲಿ ಕೊಯಮತ್ತೂರಿನ ಫಾರೂಕ್, 31 ವರ್ಷದ ಯುವಕ, ನಾಸ್ತಿಕನಾದದ್ದಕ್ಕೆ ಹತನಾದ. ಅವನ ತಂದೆ ಆಮೇಲೆ ಮಗನಿದ್ದ ಪೆರಿಯಾರ್‌ವಾದಿ ಸಂಘಟನೆಗೆ ತಾನೂ ಸೇರುತ್ತೇನೆ ಎಂದರು. ಆ ತಂದೆಯನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮಗ ಬದುಕಿದ್ದಾಗಲೇ ಅಂಥ ಮಾತನ್ನು ಕೇಳುವ ಭಾಗ್ಯ ನಮ್ಮ ಮಕ್ಕಳಿಗೆ ಯಾಕಿರಬಾರದು?

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಫೀಸು, ನಿಮ್ಮ ಹಾಸ್ಟೆಲು, ನಿಮ್ಮ ಊಟ ಮನೆಯವರ ಕೈಯಲ್ಲಿದ್ದು, ಹೇಳಿದರೆ ಓದು ನಿಲ್ಲುತ್ತದೆ ಎಂಬ ಭಯ ನಿಜವಾಗಿದ್ದರೆ, ಸುಮ್ಮನಿರಿ. ಮೌನ ಸುಳ್ಳಲ್ಲ. ಮೊದಲು ಪದವಿ, ಮೊದಲು ಕೆಲಸ. ಕಾನೂನು ನಿಮ್ಮ ಕಡೆಗಿದೆ ಎಂಬುದೂ ನೆನಪಿರಲಿ. ಸಂವಿಧಾನದ 25ನೆಯ ವಿಧಿ ಧರ್ಮದ ಸ್ವಾತಂತ್ರ್ಯಕ್ಕೂ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ. ಯಾವ ಧರ್ಮಕ್ಕೂ ಸೇರಿಲ್ಲವೆಂದು ಹೇಳುವ ಹಕ್ಕು ನಾಗರಿಕನಿಗಿದೆ, ಧರ್ಮ ಹೇಳೆಂದು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಪುರೋಹಿತರಿಲ್ಲದೆ ಮದುವೆಯಾಗಬಹುದು, 30 ದಿನದ ನೋಟಿಸು ಬೇಕು ಅಷ್ಟೆ. ಆ ನೋಟಿಸು ಮನೆಯವರಿಗೆ ತಲುಪುವ ದಿನಕ್ಕೆ ಮಾತ್ರ ಸಿದ್ಧರಾಗಿರಬೇಕು. ಗೋರಾ ತಮ್ಮ ಹಿರಿಯ ಮಗಳನ್ನು ದಲಿತ ಯುವಕನಿಗೆ ಮದುವೆ ಮಾಡಿಕೊಡಲು ಹೊರಟಾಗ, ಪ್ರಮಾಣವಚನದಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಇಡಲು ಗಾಂಧೀಜಿ ಒಪ್ಪಿದ್ದರು. ಗಾಂಧೀಜಿ ಹೋದ ಮೇಲೆ, 1948ರ ಮಾರ್ಚಿನಲ್ಲಿ, ಸೇವಾಗ್ರಾಮದಲ್ಲೇ ಆ ಮದುವೆ ನಡೆಯಿತು.

ಇನ್ನು ಹಿರಿಯರಿಗೆ. ರಾಮಕೃಷ್ಣಾಶ್ರಮದ ದೀಕ್ಷೆ ಪಡೆದ ಕುವೆಂಪು ಆಸ್ತಿಕರು. ಆದರೂ ಮದುವೆಯನ್ನು ಪುರೋಹಿತರ ಕೈಯಿಂದ ಬಿಡಿಸಿ ಮಂತ್ರಮಾಂಗಲ್ಯ ರೂಪಿಸಿ, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಹಾಗೆಯೇ ಮಾಡಿದರು. 1974ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ನಿಂತು ಯುವಕರನ್ನು ವಿಚಾರಕ್ರಾಂತಿಗೆ ಕರೆದರು. ಅವತ್ತಿನ ಕುಲಪತಿ ಎಚ್. ನರಸಿಂಹಯ್ಯನವರು, ಪವಾಡಗಳನ್ನು ಪರೀಕ್ಷಿಸಲು ಎರಡು ವರ್ಷದ ನಂತರ ಸಮಿತಿ ಮಾಡಿದವರು. ಆಸ್ತಿಕ ಕವಿ, ವಿಚಾರವಾದಿ ಕುಲಪತಿ, ಒಂದೇ ವೇದಿಕೆ. ಅದು ನಮ್ಮ ನಾಡಿನಲ್ಲೇ ನಡೆದದ್ದು, ಬಹಳ ಹಿಂದೆಯೂ ಅಲ್ಲ. ಒಂದು ವಿಶ್ವವಿದ್ಯಾಲಯಕ್ಕೆ ಸಾಧ್ಯವಾದದ್ದು ಒಂದು ಹಜಾರಕ್ಕೆ ಸಾಧ್ಯವಾಗಬೇಕು.

ಹಿರಿಯರ ಕೊನೆಯ ಭಯ ದೇವರ ಕುರಿತದ್ದಲ್ಲ, ಸಾವಿನ ಕುರಿತದ್ದು. ಅವ್ವ ಹೋಗುವ ಒಂದು ವರ್ಷ ಮೊದಲು ಅದನ್ನು ನನ್ನ ಹತ್ತಿರ ಕೇಳಿದಳು: "ನಾ ಹೋದ್ ಮೇಲೆ ನಂಗೆ ಎಡೆ ಇಕ್ಕೀಯಾ?" ನಮ್ಮ ಕಡೆ ಪಿತೃಪಕ್ಷದಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಯಲ್ಲಿ ಎಡೆ ಇಡುತ್ತಾರೆ. ಇಡುತ್ತೇನೆ ಎಂದು ಹೇಳಿದ್ದರೆ ಅವಳು ನೆಮ್ಮದಿಯಾಗಿ ಮಲಗುತ್ತಿದ್ದಳು. ನನಗೆ ಬಾಯಿ ಬರಲಿಲ್ಲ. ಅಷ್ಟು ವರ್ಷ ಅವಳಿಗೆ ಸುಳ್ಳು ಹೇಳದೆ ಬದುಕಿದ್ದೆ. "ಎಡೆ ಅಣ್ಣ ಇಡ್ತಾನೆ ಅವ್ವ. ಅಡುಗೆ ನಾನು ಮಾಡ್ತೀನಿ, ಕಜ್ಜಾಯ ನನ್ನ ಕೈಯಲ್ಲೇ" ಎಂದೆ. ಅವಳು ಸ್ವಲ್ಪ ಹೊತ್ತು ಸೂರು ನೋಡುತ್ತಿದ್ದು, "ಬೆಲ್ಲದ ಪಾಕ ಎಳೆ ಬರೋವರ್ಗೂ ಕಾಯಿ, ಅವಸ್ರ ಮಾಡ್ಬ್ಯಾಡ" ಎಂದಳು.

ಅವಳು ಹೋದಂದಿನಿಂದ ಪ್ರತಿ ವರ್ಷ ಎಡೆಯ ದಿನಕ್ಕೆ ಊರಿಗೆ ಹೋಗುತ್ತೇನೆ. ಹಿಂದಿನ ರಾತ್ರಿ ಅತ್ತಿಗೆಯೂ ನಾನೂ ಕೂತು ಕಜ್ಜಾಯ ತಟ್ಟುತ್ತೇವೆ. ಅವ್ವನ ಸೀರೆ, ಅಜ್ಜಿಯ ಎಲೆ ಅಡಿಕೆ ಚೀಲ ಎಲ್ಲ ಕಲಶದ ಮುಂದೆ ಬರುತ್ತವೆ. ಅಣ್ಣ ಎಡೆ ಇಟ್ಟು ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಈಚೆ ಬರುತ್ತಾನೆ. ಆಮೇಲೆ ಎಲ್ಲರೂ ಊಟಕ್ಕೆ ಕೂರುತ್ತಾರೆ. ಗೋಡೆಯ ಗೂಡಿನಲ್ಲಿ ಲೋಟವಿಲ್ಲ, ಕೊಟ್ಟಿಗೆಯೇ ಇಲ್ಲ. ಆ ಆಳು ತೀರಿಹೋದ. ಅವನ ಮಗ ಈಗ ನಮ್ಮ ಗದ್ದೆಯ ಟ್ರ್ಯಾಕ್ಟರ್ ಓಡಿಸುತ್ತಾನೆ, ಆ ದಿನ ಊಟಕ್ಕೆ ತಪ್ಪದೆ ಬರುತ್ತಾನೆ. ಅವನಿಗೆ ಎಲೆ ಹಾಕುವುದು ಜಗಲಿಯಲ್ಲಿ. ಒಳಗೆ ಬಾ ಎಂದು ಅಣ್ಣ ಇನ್ನೂ ಕರೆದಿಲ್ಲ. ನಾನು ಕರೆದರೆ ಅವನು ಬೇಡ ಅಕ್ಕ, ಇಲ್ಲೇ ಗಾಳಿ ಚೆನ್ನಾಗಿದೆ ಎನ್ನುತ್ತಾನೆ. ನಾನು ನನ್ನ ಎಲೆಯನ್ನು ಜಗಲಿಗೆ ತೆಗೆದುಕೊಂಡು ಹೋಗಿ ಅವನ ಪಕ್ಕದಲ್ಲಿ ಹಾಕಿಕೊಳ್ಳುತ್ತೇನೆ. ಕಳೆದ ವರ್ಷ ಅತ್ತಿಗೆಯೂ ತನ್ನ ಎಲೆ ತಂದಳು.